ಹತ್ತು ಲಕ್ಷದ ಒಂದನೆಯ ದಿಮ್ಮಿ

ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರು ಬರೆಯುವ ಅಂದಾನೆಪ್ಪ ೧೯೬೨ರ ಒಂದು ಮುಂಜಾನೆ ಸಾಗವಾನಿ ದಿಮ್ಮಿಯೊಂದರ ಮೇಲೆ ೧೦೦೦೦೦೧ ಎಂದು ಬರೆದು, ಕುಂಚ ಕೆಳಗಿಟ್ಟು, ಮೀಸೆ ತೀಡಿದ. ಸುಮ್ಮನೆ ಮುಂದಿನ ದಿಮ್ಮಿಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಹತ್ತು ಲಕ್ಷದ ಒಂದು! ಇದು ಯಾವ ಲೆಕ್ಕಕ್ಕೂ ಒಡಿಯೂದಿಲ್ಲ ನೋಡ್ರಿ. ಎರಡರಿಂದ ನೂರರ ತನಕಾ ನಾನ ಭಾಗಿಸಿ ನೋಡೇನಿ. ಪ್ರತಿ ಸಲಾ ಏನರ ಉಳೀತೈತಿ."

"ನೂರರ ಮುಂದ?" ಎಂದ ಕಾವಲುಗಾರ ಚನಬಸಪ್ಪ.

"ನೂರಕ್ಕ ಜಗ್ಗದ್ದು ಮುಂದ ಯಾತಕ್ಕ ಜಗ್ಗತೈತಿ? ಮಧ್ಯಾಹ್ನದ ಭೋಂಗಾ ಊದೂದ್ರೊಳಗ ಯಾರರ ಶೇಷ ಇಲ್ಲದಂಗ ಭಾಗಿಸಿದ್ರ ನನ್ನ ಮೀಸಿ ಬೋಳಿಸ್ತೇನಿ. ಪೈಜ!"

ಆ ಮೀಸೆ ಸಾಮಾನ್ಯದ್ದಲ್ಲ. ಹಳಿಯಾಳದ ಸಂತೆಯಲ್ಲಿ ಜನ ಅದಕ್ಕೆ ದಾರಿ ಬಿಡುತ್ತಿದ್ದರು. ಅಂದಾನೆಪ್ಪನ ಮರ್ಯಾದೆಯೆಲ್ಲ ಅದರಲ್ಲೇ ಇತ್ತು.

ಡಿಪೋದ ಕೆಲಸ ನಿಂತಿತು. ಸಿಕ್ಕ ಸಿಕ್ಕ ದಿಮ್ಮಿಯ ಮೇಲೆಲ್ಲ ಸೀಮೆಸುಣ್ಣದ ಭಾಗಾಕಾರ. ಮೂರರಿಂದ ಭಾಗಿಸಿದರೆ ಎರಡು ಉಳಿಯಿತು. ಏಳರಿಂದಲೂ ಎರಡು, ಹದಿಮೂರರಿಂದಲೂ ಎರಡೇ. "ಈ ಎರಡು ಬೆನ್ನ ಬಿಡವಲ್ದಲ್ಲೋ!" ಎಂದು ಚನಬಸಪ್ಪ ಹಣೆ ಬಡಿದುಕೊಂಡ.

ಅಷ್ಟರಲ್ಲಿ ಬಂಡಿ ಹೊಡೆಯುವ ಭೋಜಪ್ಪ ಕೂಗಿದ: "ಹನ್ನೊಂದಕ್ಕ ಒಡೀತು!"

ಚನಬಸಪ್ಪ ಓಡಿಹೋಗಿ ಕ್ಷೌರದ ಶೇಖಪ್ಪನನ್ನೇ ಎಳೆತಂದ. ಅರ್ಧ ಮೀಸೆಗೆ ಸಾಬೂನಿನ ನೊರೆ ಹತ್ತಿತ್ತು. ಅಂದಾನೆಪ್ಪ ನೊರೆ ಸಮೇತ ಎದ್ದು ಭೋಜಪ್ಪನ ಲೆಕ್ಕದ ಮೇಲೆ ಬಗ್ಗಿದ. "ಏ, ಸೊನ್ನಿ ನಾಕ ಬರದೀಯಲ್ಲೋ! ಐದ ಬೇಕು!" ಐದು ಸೊನ್ನೆ ಹಾಕಿದ ಮೇಲೆ ಹನ್ನೊಂದಕ್ಕೂ ಎರಡೇ ಉಳಿಯಿತು. ಅಂದಾನೆಪ್ಪನ ಎದೆ ಉಬ್ಬಿತು.

ಭೋಂಗಾಕ್ಕೆ ಐದು ನಿಮಿಷವಿರುವಾಗ ಹೆಂಡತಿ ಶಂಕ್ರವ್ವ ರೊಟ್ಟಿ ಬುಟ್ಟಿ ಹೊತ್ತು ಬಂದಳು.

"ಆಕಿನ್ನೂ ಕೇಳ್ರಿ ಬೇಕಾರ," ಎಂದ ಅಂದಾನೆಪ್ಪ. "ನಾನ ಮಗ್ಗಿ ಕಲಿಸೇನಿ ಆಕಿಗೆ."

ಚನಬಸಪ್ಪ ಲೆಕ್ಕ ಹೇಳಿದ, ಮೀಸೆಯ ವಿಷಯ ನುಂಗಿಕೊಂಡ. ಶಂಕ್ರವ್ವ ಬುಟ್ಟಿ ಇಳಿಸಿ ಅರೆಗಣ್ಣು ಮುಚ್ಚಿದಳು.

"ಉಳವಿಗೆ ನಾವು ನೂರಾ ಒಂದು ಕಾಯಿ ಹರಕಿ ಹೊತ್ತೇವಲ್ರೀ. ಹಂಗ ಒಂಬತ್ತು ಸಾವಿರದ ಒಂಬೈನೂರು ಮನಿಯವರು ಒಡದ್ರ ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರು ಕಾಯಿ ಆದುವು. ಇನ್ನ ಉಳಿದದ್ದು ನೂರಾ ಒಂದು. ಅವು ನಮ್ಮ ಮನೀವು. ಮುಗೀತಲ್ಲ!"

ಅಂದಾನೆಪ್ಪ ನೂರಾ ಒಂದರಿಂದ ಭಾಗಿಸಿ ನೋಡಿದ. ಏನೂ ಉಳಿಯಲಿಲ್ಲ. "ನೋಡ್ರಿ, ನನ್ನ ಹೇಣ್ತಿ! ನಾನ ಕಲಿಸಿದ್ದು!" ಎಂದು ಹೆಮ್ಮೆಯಿಂದ ಡಿಪೋ ನಡುಗುವಂತೆ ಕೂಗಿದ. ಜನ್ಮದಲ್ಲೇ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ. ಆಮೇಲೆ ಮೀಸೆ ನೆನಪಾಯಿತು. ಶೇಖಪ್ಪ ಆಗಲೇ ಕತ್ತಿ ಮಸೆಯುತ್ತಿದ್ದ.

ಊಟದ ನಂತರ, ಎರಡಕ್ಕೇ ಒಡೆಯುವ ೧೦೦೦೦೦೨ ದಾಟಿ, ೧೦೦೦೦೦೩ರ ಸರದಿ ಬಂತು. ಈ ಸಲ ಗಂಡಹೆಂಡಿರು ಕೂಡಿಯೇ ಭಾಗಿಸುತ್ತ ಕುಳಿತರು. "ಸಾವಿರದ ತನಕಾ ನೋಡಿದ್ರ ಸಾಕ್ರೀ. ಸಾವಿರ ಸಾವಿರಲೆ ಹತ್ತು ಲಕ್ಷ ಆತಲ್ಲ," ಎಂದಳು ಶಂಕ್ರವ್ವ. ಸಂಜೆಯ ಹೊತ್ತಿಗೆ ಖಾತ್ರಿಯಾಯಿತು: ಈ ಸಂಖ್ಯೆ ನಿಜಕ್ಕೂ ಒಡೆಯುವುದಿಲ್ಲ.

ಅಂದಾನೆಪ್ಪ ದಿಮ್ಮಿಯ ಮೇಲೆ ಹತ್ತಿ ನಿಂತ. "ಬರ್ರಿ! ಇದನ್ನ ಒಡೀರಿ ನೋಡೂಣು! ಮತ್ತ ಪೈಜ!"

ಚನಬಸಪ್ಪ ಅವನ ಬೋಳು ತುಟಿಯನ್ನೇ ನೋಡಿದ. "ನಾ ತಯಾರ ಅದೇನಿ. ಮದಲ ನಿನ್ನ ಮೀಸಿ ತಂದಿಡು."