ಗಾಳಿಗೆ ಎದುರು ಹೊಂಟ ನರ್ಸಬಾಯಿ

ತಿರುಗಾಟದ ನೌಕರಿ ಮಾಡಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಕುರ್ಚಿ ಮೇಲೆ ಕೂತು ಪಗಾರ ತಗೊಂಡವರಿಗೆ ಹೇಳಿದರೆ, ‘ಈಕಿ ಸೇರಿಸಿ ಹೇಳ್ತಾಳ’ ಅನ್ನುತ್ತಾರೆ. ನಾನು ಅಫಜಲಪುರ, ಆಳಂದ, ಜೇವರ್ಗಿ ಈ ಮೂರೂ ತಾಲೂಕಿನ ಹಳ್ಳಿಗಳಲ್ಲಿ ನರ್ಸಬಾಯಿ ಅನ್ನಿಸಿಕೊಂಡು ಸುತ್ತಿದವಳು. ಉಳಿದ ದಿನಗಳದ್ದು ಬಿಡಿ, ಎಂಬತ್ತರ ದಶಕದ ಕೊನೆಯ ಒಂದು ಆಷಾಢದಲ್ಲಿ ಒಂದೇ ದಿನದೊಳಗೆ ನನಗೆ ಇಷ್ಟೆಲ್ಲ ನಡೆಯಿತು.

ಗಾಡಿ ಹಾರುವ ಭಯ

ಆಗ ನಾನು ಇದ್ದದ್ದು ಅಫಜಲಪುರದಲ್ಲಿ. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದ ಸಿಸ್ಟರ್ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಆಕೆಯ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ತಿಂಗಳಿಗೊಮ್ಮೆ ಐಸ್ ತುಂಬಿದ ಡಬ್ಬಿಯಲ್ಲಿ ಕೂಸುಗಳ ಲಸಿಕೆ, ಪೋಲಿಯೋ ಹನಿ, ಸೂಜಿಮದ್ದು ಎಲ್ಲ ಇಟ್ಟುಕೊಂಡು ಮುಂಜಾನೆ ಬಸ್ಸಿಗೆ ಹೋಗುತ್ತಿದ್ದೆ.

ಆವತ್ತು ಬಸ್ಸು ಬರಲಿಲ್ಲ. ಗಾಳಿಗೆ ದೊಡ್ಡ ಬೇವಿನ ಮರ ರಸ್ತೆಗೆ ಅಡ್ಡ ಬಿದ್ದಿದೆ, ಅದನ್ನು ಕಡಿದು ತೆಗೆಯುವವರೆಗೆ ಬಸ್ಸಿಲ್ಲ ಅಂದರು. ಡಬ್ಬಿಯೊಳಗಿನ ಐಸು ಮಧ್ಯಾಹ್ನದವರೆಗೆ ತಡೆದರೆ ಹೆಚ್ಚು. ಕರಗಿತೆಂದರೆ ಔಷಧವೆಲ್ಲ ಚೆಲ್ಲಬೇಕು. ಅಲ್ಲಿ ತಾಯಂದಿರು ಹೊಲದ ಕೆಲಸ ಬಿಟ್ಟು ಕಾದಿರುತ್ತಾರೆ, ಒಮ್ಮೆ ಬರಿಗೈಲಿ ಹೋದವರು ಮತ್ತೊಮ್ಮೆ ಬರುವುದಿಲ್ಲ.

ಮನೆಯಲ್ಲಿ ನಮ್ಮ ಮಾಸ್ತರದೊಂದು ಮೊಪೆಡ್ ಇತ್ತು. ಮಾಸ್ತರು ಅಂದರೆ ನನ್ನ ಗಂಡ. ಗಾಡಿ ಕೊಂಡವರು ಅವರು, ಕಲಿತವಳು ನಾನು. ಅವರು ಎರಡು ಸಲ ಸಾಲಿ ಗೋಡೆಗೆ ಗುದ್ದಿ, ಅದನ್ನು ಒರೆಸುವ ಕೆಲಸವೊಂದನ್ನೇ ಇಟ್ಟುಕೊಂಡಿದ್ದರು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಡಬ್ಬಿಯನ್ನು ಹಿಂದೆ ಕಟ್ಟುವಾಗ ಓಡಿ ಬಂದರು.

‘ಮಡ್ಡಿ ಮ್ಯಾಲ ಗಾಳಿ ಭಾಳ ಇರ್ತದ. ಗಾಡಿ ಹಗೂರದ. ಹಾರಿ ಹೋದ್ರ ಏನ್ ಮಾಡ್ತಿ?’

‘ನಾ ಕುಂತಿರ್ತೇನಲ್ರಿ ಮ್ಯಾಲ.’

ಮಾಸ್ತರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಅವರ ಮುಖದಲ್ಲಿ ಚಿಂತೆ ಎಲ್ಲ ಇಳಿದುಹೋಯಿತು.

‘ಹೌದಲ,’ ಅಂದರು. ‘ಹಂಗಾದ್ರ ಹಾರೂದಿಲ್ಲ, ಹೋಗಿ ಬಾ.’

ಅರ್ಜೆಂಟ್ ಕೆಲಸ

ಬಿದ್ದ ಮರದ ಬದಿಯಿಂದ ಹೊಲದೊಳಗೆ ಇಳಿಸಿ ಗಾಡಿ ದಾಟಿಸಿದೆ. ಮರದ ಈಚೆ ಎರಡು ಲಾರಿ, ಒಂದು ಜೀಪು ನಿಂತಿದ್ದವು. ಅವುಗಳ ಡ್ರೈವರುಗಳು ನನ್ನನ್ನು ನೋಡುತ್ತಾ ಬೀಡಿ ಸೇದುವುದನ್ನು ಮರೆತರು. ನನಗೆ ವಿಮಾನ ನಡೆಸಿದಷ್ಟು ಹೆಮ್ಮೆಯಾಯಿತು.

ಆ ಹೆಮ್ಮೆ ಮೊದಲನೆಯ ಏರಿನ ತನಕ ಇತ್ತು. ನಮ್ಮ ಕಡೆ ಗುಡ್ಡ ಅಂದರೆ ಮುಗಿಲಿಗೆ ಮುಟ್ಟುವಂಥವಲ್ಲ. ಕಲ್ಲು ಮಡ್ಡಿ, ಒಂದು ಏರು, ಒಂದು ಇಳಕಲು, ಮತ್ತೆ ಏರು. ಆದರೆ ಮೇಲೆ ಹೋದರೆ ಗಾಳಿಗೆ ತಡೆಯಲು ಒಂದು ಗಿಡವೂ ಇಲ್ಲ. ಗಾಳಿ ಎದುರಿಗೇ ಬೀಸುತ್ತಿತ್ತು. ಪೂರಾ ಎಕ್ಸಿಲರೇಟರ್ ಕೊಟ್ಟು, ಸೈಕಲ್ಲಿನ ಹಾಗೆ ಪೈಡ್ಲನ್ನೂ ತುಳಿಯುತ್ತಿದ್ದೆ. ಇಂಜಿನ್ನು ಕೂಗಾಡುತ್ತಿತ್ತು, ಬದಿಯ ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು.

ಹಿಂದಿನಿಂದ ಒಬ್ಬ ಮುದುಕ ಕುರುಬ ಕಂಬಳಿ ಹೊದ್ದು, ಕುರಿ ಹೊಡೆದುಕೊಂಡು ಬಂದ. ನನ್ನ ಪಕ್ಕಕ್ಕೆ ಬಂದು, ನನ್ನ ಜೊತೆಗೇ ನಡೆಯತೊಡಗಿದ.

‘ಗಾಡಿ ಕೆಟ್ಟದೇನವ್ವ?’

‘ಇಲ್ಲ ಯಜ್ಜಾ, ಓಡಾಕತ್ತದ.’

ಅವನು ಚಕ್ರ ನೋಡಿದ. ನನ್ನ ಕಾಲು ನೋಡಿದ. ಎಲ್ಲಿಗೆ ಅಂತ ಕೇಳಿದ, ಹೇಳಿದೆ. ಮಕ್ಕಳೆಷ್ಟು ಅಂತ ಕೇಳಿದ, ಅದನ್ನೂ ಹೇಳಿದೆ. ಏರು ಮುಗಿಯುವ ಲಕ್ಷಣ ಕಾಣಲಿಲ್ಲ. ಕಡೆಗೆ ಅವನು ಬಹಳ ಸಂಕೋಚದಿಂದ ಹೇಳಿದ:

‘ತಪ್ಪ ತಿಳೀಬ್ಯಾಡವ್ವ, ನಾ ಮುಂದ ಹೋಗ್ತೇನಿ. ನನಗ ಜರಾ ಅರ್ಜೆಂಟ್ ಅದ.’

ಕೆಂಪಂದು ಬೇಡ

ನಡುವೆ ರಸ್ತೆ ಕವಲೊಡೆಯುವ ಒಂದು ಫಾಟಾದಲ್ಲಿ ಚಹಾದಂಗಡಿ ಇತ್ತು. ಇಂಜಿನ್ನು ಕಾದು ಕೆಂಡವಾಗಿತ್ತು, ಅದು ಆರಲಿ ಅಂತ ನೆರಳಿಗೆ ನಿಲ್ಲಿಸಿದೆ. ಬೆಂಚಿನ ಮೇಲೆ ಕುಂತಿದ್ದ ದಪ್ಪ ಮೀಸೆಯ ಒಬ್ಬ ಮನುಷ್ಯ ಎದ್ದು ಬಂದು ಡಬ್ಬಿಯ ಮೇಲೆ ಕೈಯಿಟ್ಟು ನೋಡಿದ. ತಣ್ಣಗಿತ್ತು.

‘ಬಾಯಾರ, ಎರಡ್ ಕೊಡ್ರಿ.’

‘ಏನ್ ಎರಡು?’

‘ಐಸ್‌ಕ್ಯಾಂಡಿ.’

‘ಇದು ಐಸ್‌ಕ್ಯಾಂಡಿ ಅಲ್ಲಪಾ. ಇದ್ರಾಗ ಪೋಲಿಯೋದ್ದದ.’

ಅವನು ವಿಚಾರ ಮಾಡಿದ.

‘ನಡೀತದ, ಅದನ್ನ ಕೊಡ್ರಿ,’ ಅಂದ. ‘ಕೆಂಪಂದು ತಿಂದ್ರ ನನಗ ಕೆಮ್ಮು ಬರ್ತದ.’

ಹೊಸ ಕಂಪೌಂಡರ್

ಸೂರ್ಯ ನೆತ್ತಿಗೆ ಬರುತ್ತಿದ್ದ. ಕಿಣ್ಣಿ ಸುಲ್ತಾನಕ್ಕೆ ಇನ್ನೊಂದೇ ಏರು ಬಾಕಿ. ಆ ಏರಿನ ಬುಡದಲ್ಲಿ ದೊಡ್ಡ ಮೋಟರ್ ಸೈಕಲ್ಲೊಂದು ನಿಂತಿತ್ತು, ಅದರ ಪಕ್ಕದಲ್ಲಿ ಆ ಊರಿನ ಗೌಡರು ನಿಂತಿದ್ದರು.

ಗೌಡರಿಗೂ ನನಗೂ ಮಾತು ಅಷ್ಟಕ್ಕಷ್ಟೇ. ಹಿಂದಿನ ತಿಂಗಳು ಲಸಿಕೆ ಹಾಕಿಸಿಕೊಂಡ ಒಂದು ಕೂಸಿಗೆ ಜ್ವರ ಬಂದಿತ್ತು. ಒಂದು ದಿನ ಬಂದು ಹೋಗುವ ಜ್ವರ ಅದು. ಆದರೆ ಗೌಡರು ಅದನ್ನೇ ಹಿಡಿದು, ‘ನಮ್ಮ ಮನಿ ಕೂಸಿಗಿ ಸೂಜಿ ಬ್ಯಾಡ’ ಅಂದುಬಿಟ್ಟಿದ್ದರು. ಗೌಡರ ಮನೆಯಲ್ಲಿ ಬ್ಯಾಡವಾದರೆ ಅರ್ಧ ಊರಿಗೆ ಬ್ಯಾಡ.

‘ನಮಸ್ಕಾರ್ರಿ ಗೌಡ್ರ. ಏನಾತ್ರಿ?’

‘ಪೆಟ್ರೋಲ್ ಖಾಲಿ,’ ಅಂದರು, ಬೇರೆ ಕಡೆ ನೋಡುತ್ತಾ.

‘ಬರ್ರಿ, ಊರಿಗಿ ಬಿಡ್ತೇನಿ.’

ಗೌಡರು ಮೊಪೆಡ್ ನೋಡಿದರು. ನನ್ನನ್ನು ನೋಡಿದರು. ಆಮೇಲೆ ರಸ್ತೆಯ ಎರಡೂ ಕಡೆ ನೋಡಿದರು. ಯಾರೂ ಇರಲಿಲ್ಲ. ಕುಂತರು.

ಡಬ್ಬಿ ಕಟ್ಟಿದ ಜಾಗದಲ್ಲಿ ಅವರು ಕುಂತದ್ದರಿಂದ ಡಬ್ಬಿ ಅವರ ತೊಡೆ ಮೇಲೆ ಬಂತು. ‘ಬಿಸಲ ಬೀಳಬಾರದ್ರಿ ಅದಕ್ಕ,’ ಅಂದೆ. ಹೆಗಲ ಮೇಲಿನ ಟವೆಲ್ ತೆಗೆದು ಮುಚ್ಚಿಕೊಂಡರು. ಅರ್ಧ ಏರಿಗೆ ಗಾಡಿ ಉಸಿರುಗಟ್ಟಿತು.

‘ಗೌಡ್ರ, ಇಳೀಬೇಕ್ರಿ.’

ಇಳಿದರು.

‘ದೂಡಬೇಕ್ರಿ.’

‘ನಾನಾ?’

‘ನಾ ಪೈಡ್ಲ ತುಳೀಬೇಕಲ್ರಿ.’

ಗೌಡರು ಡಬ್ಬಿಯನ್ನು ತಲೆ ಮೇಲೆ ಇಟ್ಟುಕೊಂಡು, ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಗಾಡಿ ದೂಡತೊಡಗಿದರು. ಅವರು ಹೂಂಕರಿಸುವುದು ನನಗೆ ಗಾಳಿಯಲ್ಲೂ ಕೇಳುತ್ತಿತ್ತು. ಹೇಗೋ ನೆತ್ತಿಗೆ ಬಂದೆವು. ಅಲ್ಲಿ ರಸ್ತೆ ತಿರುಗಿತು. ಮುಂಜಾನೆಯಿಂದ ಎದೆಗೆ ಗುದ್ದುತ್ತಿದ್ದ ಗಾಳಿ ಒಮ್ಮೆಲೇ ಬೆನ್ನಿಗೆ ಬಂತು. ಕೆಳಗೆ ಇಳಕಲು, ಇಳಕಲಿನ ತುದಿಗೆ ಊರು. ಗಾಡಿ ನನ್ನ ಮಾತು ಕೇಳದೆ ಹೊರಟೇ ಹೋಯಿತು. ನಿಲ್ಲಿಸಬಹುದಿತ್ತೇನೋ. ನಿಜ ಹೇಳಬೇಕೆಂದರೆ, ಅಷ್ಟು ಜೋರು ಅದು ಯಾವತ್ತೂ ಓಡಿರಲಿಲ್ಲ, ನನಗೆ ನಿಲ್ಲಿಸಲು ಮನಸ್ಸಾಗಲಿಲ್ಲ.

‘ನರ್ಸಬಾಯಿ, ನಿಲ್ರಿ, ಡಬ್ಬಿ ನನ್ನ ಕಡಿ ಅದ’ ಅಂತ ಕೂಗುತ್ತಾ ಗೌಡರು ಹಿಂದೆ ಓಡಿ ಬಂದರು.

ಹೀಗೆ ನಾವು ಊರು ಹೊಕ್ಕೆವು. ಮುಂದೆ ನಾನು ಸೆರಗು ಹಾರಿಸುತ್ತಾ ಗಾಡಿ ಮೇಲೆ. ಹಿಂದೆ ಗೌಡರು, ಒಂದು ಕೈಯಲ್ಲಿ ಧೋತರದ ಚುಂಗು, ತಲೆ ಮೇಲೆ ಲಸಿಕೆ ಡಬ್ಬಿ, ಏದುಸಿರು ಬಿಡುತ್ತಾ. ಕಟ್ಟೆಯ ಮೇಲಿದ್ದ ಗಂಡಸರು ಎದ್ದು ನಿಂತರು. ಬಾಗಿಲ ಮರೆಯಲ್ಲಿದ್ದ ಒಬ್ಬ ಹೆಣ್ಣುಮಗಳು ತನ್ನ ನೆಗೆಣ್ಣಿಗೆ ಹೇಳಿದ್ದು ನನಗೆ ಸ್ಪಷ್ಟ ಕೇಳಿಸಿತು: ‘ಗೌಡ್ರ ಸ್ವತಃ ಓಡಿ ತರಾಕತ್ತಾರಂದ್ರ ಭಾರಿ ಔಷಧನ ಇರಬೇಕು. ನಡಿ, ಮುಗಿಯೂಕಿಂತ ಮೊದಲ ಹಾಕಿಸ್ಕೊಂಡು ಬರೂಣು.’

ಅರ್ಧ ತಾಸಿನೊಳಗೆ ಚಾವಡಿಯ ಮುಂದೆ ಸಾಲು ಬೆಳೆಯಿತು. ಹಿಂದಿನ ತಿಂಗಳು ಕೂಸನ್ನು ಹಿತ್ತಲಲ್ಲಿ ಅಡಗಿಸಿದವರೂ ಬಂದಿದ್ದರು. ಡಬ್ಬಿ ತೆರೆದು ನೋಡಿದೆ, ಐಸಿನ ತುಂಡುಗಳು ಇನ್ನೂ ಸದ್ದು ಮಾಡುತ್ತಿದ್ದವು. ಆ ಸದ್ದಿಗೆ ನನ್ನ ಕಾಲಿನ ನೋವೆಲ್ಲ ಹೋಯಿತು. ಗೌಡರ ಹೆಂಡತಿ ಯಾರ ಮಾತಿಗೂ ಕಾಯದೆ ಮೊಮ್ಮಗನನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದರು. ಗಂಡನ ಮುಖವನ್ನೊಮ್ಮೆ ನೋಡಿದರು. ಬ್ಯಾಡ ಅನ್ನಲು ಗೌಡರಲ್ಲಿ ಉಸಿರೇ ಇರಲಿಲ್ಲ. ಬಗ್ಗಿ ಮೊಮ್ಮಗನ ಕಾಲು ಗಟ್ಟಿಯಾಗಿ ಹಿಡಿದರು. ಸೂಜಿ ಹಾಕಿದೆ.

ಒಂದು ಕೂಸಿನ ಕಾಲು ಹಿಡಿದ ಮೇಲೆ ಅವರಿಗೆ ಕೆಲಸ ರೂಢಿಯಾಯಿತು. ಎರಡನೆಯದನ್ನೂ ಹಿಡಿದರು, ಮೂರನೆಯದನ್ನೂ ಹಿಡಿದರು. ಸಾಲು ತಪ್ಪಿದವರನ್ನು ಗದರಿಸಿದರು. ‘ನಾಳಿ ಜರಾ ಜ್ವರ ಬರ್ತದ, ಅಂಜಬ್ಯಾಡ್ರಿ, ಬರಬೇಕದು’ ಅಂತ ನನಗಿಂತ ಮೊದಲು ಅವರೇ ಹೇಳತೊಡಗಿದರು. ಡಬ್ಬಿ ಖಾಲಿಯಾಗುವವರೆಗೆ ಒಂದು ಕೂಸೂ ತಪ್ಪಲಿಲ್ಲ.

ಕಟ್ಟೆ ಮೇಲೆ ಕುಂತು ಇದನ್ನೆಲ್ಲ ನೋಡುತ್ತಿದ್ದ ಒಬ್ಬ ಹಲ್ಲಿಲ್ಲದ ಮುದುಕಿಗೆ ಕಡೆಗೆ ತಡೆಯಲಾಗಲಿಲ್ಲ.

‘ಗೌಡಪ್ಪ, ನೀ ಯಾವಾಗಪಾ ಕಂಪೌಂಡರ್ ಆದಿ?’

ಗೌಡರು ಅಳುವ ಕೂಸನ್ನು ಅದರ ತಾಯಿಗೆ ಕೊಟ್ಟು, ಟವೆಲಿನಿಂದ ಮುಖ ಒರೆಸಿಕೊಂಡು, ಬಹಳ ಗಂಭೀರವಾಗಿ ಹೇಳಿದರು:

‘ಈಗ ಬರೋ ಮುಂದ, ಆ ಏರಿನಾಗ.’