ಹಡಗಿನ ತಳದಲ್ಲಿ ಬಿಟ್ಟಿ ಪ್ರಯಾಣ ಮಾಡುತ್ತಿರುವ ಚಿಪ್ಪುಜೀವಿಗಳಿಗೆ

ಮಾನ್ಯ ಚಿಪ್ಪುಜೀವಿಗಳೇ, ತಮ್ಮ ನೆರೆಹೊರೆಯ ಪಾಚಿಯವರೇ, ಲೋಳೆಯವರೇ,

ನಮ್ಮ ಊರಿನ ಸರಕು ಹಡಗಿನ ತಳದಲ್ಲಿ ಟಿಕೆಟ್ಟೂ ಇಲ್ಲದೆ ಬಾಡಿಗೆಯೂ ಇಲ್ಲದೆ ಸಕುಟುಂಬ ಸಂಸಾರ ಹೂಡಿರುವ ತಮಗೆ, ಅದೇ ಹಡಗಿನ ಎಂಜಿನ್ ಕೋಣೆಯಲ್ಲಿ ಬೇಯುತ್ತಿರುವವನ ತಮ್ಮನಾದ ನಾನು ಸವಿನಯವಾಗಿ ಬರೆದುಕೊಳ್ಳುವುದೇನೆಂದರೆ, ತಾವು ಅಂಟಿಕೊಂಡ ತಪ್ಪಿಗೆ ನನ್ನ ಅಣ್ಣನ ಕೆಲಸ ಹೋಗುತ್ತಿದೆ.

ಹಡಗಿನ ಮೈ ನುಣುಪಾಗಿದ್ದರೆ ನೀರು ಜಾರಿ ಹೋಗುತ್ತದೆ. ಮರಳುಕಾಗದದಷ್ಟು ತರಿಯಾದರೂ ಸಾಕು, ಹಿಡಿದೆಳೆಯುತ್ತದೆ. ತಮ್ಮಂಥ ಮಹನೀಯರು ಗುಡ್ಡೆಗುಡ್ಡೆಯಾಗಿ ಕೂತ ಮೇಲಂತೂ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಡೀಸೆಲ್ ಕುಡಿಯಲೇಬೇಕು. ಇದನ್ನು ನಾನು ಕಿರುಹೊತ್ತಗೆಯೊಂದರಲ್ಲಿ ಓದಿದ್ದೇನೆ, ಮ್ಯಾನೇಜರ್ ಸಾಹೇಬರು ಓದಿಲ್ಲ. ಹಾಗಾಗಿ ಅವರು ಅಣ್ಣನನ್ನು ಕರೆಸಿ, "ಏನಯ್ಯಾ, ಡೀಸೆಲ್ ಎಂಜಿನ್ನಿಗೆ ಹಾಕ್ತೀಯೋ, ನೀನೇ ಕುಡೀತೀಯೋ?" ಎಂದು ವಿಚಾರಿಸಿ, ಅವನನ್ನು ಮನೆಗೆ ಕಳಿಸುವ ಸಲುವಾಗಿ ಸೋಮವಾರ ವಿಚಾರಣೆ ಇಟ್ಟಿದ್ದಾರೆ.

ತಮಗೆ ಮಣೆ ಹಾಕಿ ಕೂರಿಸಿದವರೂ ಅವರೇ. ಹಡಗನ್ನು ದುರಸ್ತಿಗೆಂದು ಡ್ರೈಡಾಕಿನ ಕಟ್ಟೆಯೊಳಗೆ ತಂದು ನೀರು ಬಸಿದಾಗ ಅದು ಮರದ ದಿಮ್ಮಿಗಳ ಮೇಲೆ ಕೂರುತ್ತದೆ. ತಮ್ಮಂಥವರು ಅಂಟದಿರಲೆಂದು ಬಳಿಯುವ ಬಣ್ಣ ದಿಮ್ಮಿ ತಾಗಿದ ಜಾಗಕ್ಕೆ ತಲುಪುವುದಿಲ್ಲ. ಮುಂದಿನ ಸಲ ದಿಮ್ಮಿ ಸರಿಸಿ ಆ ಜಾಗಕ್ಕೆ ಬಳಿಯಬೇಕು. ಸಾಹೇಬರೋ, ಸರಿಸುವುದು ರಗಳೆಯೆಂದು ಪ್ರತಿ ಸಲವೂ ಹಳೆಯ ಗುರುತಿನ ಮೇಲೆಯೇ ಇಡಿಸಿ ತಮಗೆ ಖಾಯಂ ನಿವೇಶನ ಮಂಜೂರು ಮಾಡಿದ್ದಾರೆ. ಉಳಿದ ಕಡೆ ತಮ್ಮ ಹಿರಿಯರ ಚಿಪ್ಪುಗಳನ್ನು ಕೆರೆಸದೆ, ಮೊಡವೆಗೆ ಪೌಡರು ಹಚ್ಚಿದಂತೆ ಮೇಲೆಯೇ ಬಣ್ಣ ಹೊಡೆಸಿದ್ದಾರೆ.

ಆದರೂ ತಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕರಪತ್ರ ಹಂಚಿ ಗಂಟಲು ಹರಿದುಕೊಂಡರೂ ಅಣ್ಣನ ಪರವಾಗಿ ಬಂದರಿನಲ್ಲಿ ನಾಲ್ಕು ಜನ ಒಟ್ಟಿಗೆ ನಿಲ್ಲಲಿಲ್ಲ; ಒಂದಕ್ಷರ ಓದದ ತಾವು ಚಿಪ್ಪಿಗೆ ಚಿಪ್ಪು ತಾಗಿಸಿ ಇಡೀ ಹಡಗನ್ನೇ ಜಗ್ಗಿ ಹಿಡಿದಿದ್ದೀರಿ. ಆದ್ದರಿಂದ ಪ್ರಾರ್ಥನೆಯೇನೆಂದರೆ, ತಮ್ಮಲ್ಲಿ ಹಿರಿಯರಾದವರು ಸೋಮವಾರ ದಯಮಾಡಿಸಿ, ವಿಚಾರಣೆಯ ಮೇಜಿಗೆ ಅಂಟಿಕೊಂಡು ಸಾಕ್ಷಿ ನುಡಿಯಬೇಕು. ನಡೆದು ಬರುವುದು ಅಭ್ಯಾಸವಿಲ್ಲವಾದರೆ, ಸಾಹೇಬರ ಸ್ನಾನದ ತೊಟ್ಟಿಗೆ ವರ್ಗ ಮಾಡಿಸಿಕೊಂಡು, ತರಿ ಎಂದರೇನೆಂದು ಅವರ ಬೆನ್ನಿಗಾದರೂ ಮನದಟ್ಟು ಮಾಡಿಕೊಡಬೇಕು.

ತಮ್ಮ ಒಗ್ಗಟ್ಟಿಗೆ ಶರಣಾದ, ತಮ್ಮ ವಾಸ್ತವ್ಯಕ್ಕೆ ಮಾತ್ರ ವಿರೋಧಿಯಾದ,
ತಮ್ಮ ವಿಶ್ವಾಸಿ,
ಎಂಜಿನ್ ಕೋಣೆಯವನ ತಮ್ಮ

ವಿ.ಸೂ.: ಸಾಹೇಬರು ಏನೂ ಓದಿಲ್ಲವೆಂದದ್ದು ತಪ್ಪಾಯಿತು. ವಿಚಾರಣೆಯ ಹಿಂದಿನ ದಿನವೇ ತಮ್ಮನ್ನು ಸದ್ದಿಲ್ಲದೆ ಕೆರೆದುಹಾಕಲು ಮುಳುಗು ತಜ್ಞರನ್ನು ಗೊತ್ತುಮಾಡಿದ್ದಾರೆಂದರೆ, ಎಲ್ಲವನ್ನೂ ಚೆನ್ನಾಗಿಯೇ ಓದಿಕೊಂಡಿದ್ದಾರೆ. ಆ ತಜ್ಞರಲ್ಲೊಬ್ಬರು ನಮ್ಮ ಭಾವ ಎಂಬುದಷ್ಟೇ ಅವರಿಗೆ ತಿಳಿಯದು. ಭಾವ ಕೆರೆಯುವ ಮುನ್ನ ಫೋಟೋ ತೆಗೆಯುತ್ತಾರೆ. ದಯವಿಟ್ಟು ಮಕ್ಕಳುಮರಿಗಳ ಸಮೇತ ಮುಂದೆ ಬಂದು ಕೂರಿ.