ಅಜ್ಜಿಯ ಪತ್ರದಲ್ಲಿ ಪ್ರಶ್ನೆಗಳೇ ಇರಲಿಲ್ಲ

ಕನ್ನಡ ಮೇಷ್ಟರಾಗಲು ವಿದ್ವತ್ತು ಬೇಕಿಲ್ಲ, ಶುಕ್ರವಾರ ರಜೆಯಿದ್ದು, ಯಾರಾದರೂ ಕೇಳಿದಾಗ ಒಲ್ಲೆ ಎನ್ನಲು ಬಾರದಿದ್ದರೆ ಸಾಕು ಎಂಬುದು ನನಗೆ ಬಹರೈನಿಗೆ ಬಂದ ಮೇಲೆ ತಿಳಿಯಿತು. ವಾರವೆಲ್ಲ ಅಸ್ಕರ್ ಎಂಬ ಊರಿನ ಕಾರ್ಖಾನೆಯಲ್ಲಿ ಪಂಪುಗಳ ಜೊತೆ ಗುದ್ದಾಡುವ ನಾನು, ಶುಕ್ರವಾರ ಹದಿನಾಲ್ಕು ಮಕ್ಕಳಿಗೆ ಪಾಠ ಓದಿಸಿ, ಅದರ ಕೆಳಗಿನ ಐದು ಪ್ರಶ್ನೆಗಳಿಗೆ ಉತ್ತರ ಬರೆಸುತ್ತೇನೆ. ಅವರಲ್ಲಿ ಹತ್ತು ವರ್ಷದ ನನ್ನ ಮಗಳು ಅನ್ವಿಗೆ ಪ್ರತಿ ವಾರವೂ ಐದಕ್ಕೆ ಐದು. ದಾವಣಗೆರೆಯಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೂ, ಇಂಗ್ಲಿಷ್ ಬೆರೆಸಿ ಮನೆಮಾತಷ್ಟೇ ಆಡುವ ಇವಳಿಗೂ ಇಷ್ಟು ವರ್ಷ ನಾನೇ ದುಭಾಷಿ. ಹೆಮ್ಮೆ ತಡೆಯಲಾರದೆ ಅಮ್ಮನಿಗೆ, "ಇನ್ನು ಮೊಮ್ಮಗಳಿಗೆ ನೀನೇ ಪತ್ರ ಬರಿ, ನಡುವೆ ನಾನ್ಯಾಕೆ?" ಎಂದುಬಿಟ್ಟೆ.

ಮರುದಿನವೇ ವಾಟ್ಸಾಪಿನಲ್ಲಿ ಎರಡು ಪುಟದ ಪತ್ರದ ಫೋಟೊ ಬಂತು. ಅನ್ವಿ ತಡವರಿಸದೆ ಗಟ್ಟಿಯಾಗಿ ಓದಿದಳು. ಒಂದು ಒತ್ತಕ್ಷರವೂ ಜಾರಲಿಲ್ಲ. ನಾನು ಉಬ್ಬಿಹೋದೆ. ಮಂಗಳೂರಿನವಳಾದ ನನ್ನ ಹೆಂಡತಿ ಸುಮಾ ಅಡುಗೆಮನೆಯಿಂದಲೇ, "ಎಂಥ ಬರೆದಿದ್ದಾರಂತೆ ಅಜ್ಜಿ?" ಎಂದು ಕೇಳಿದಳು. ಅನ್ವಿ ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿ, "ಕ್ವೆಶ್ಚನ್ಸ್ ಎಲ್ಲಿ?" ಎಂದಳು.

ವಿಚಾರಿಸಿದಾಗ ಐದಕ್ಕೆ ಐದರ ಗುಟ್ಟು ಹೊರಬಿತ್ತು. ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆಯೆಂದು ಹುಡುಕುವುದು, ಆ ಸಾಲನ್ನು ಹಾಗೆಯೇ ಇಳಿಸುವುದು. ಅರ್ಥದ ತಂಟೆಯೇ ಇಲ್ಲ! "ಕ್ಲಾಸಲ್ಲಿ ಎಲ್ರೂ ಹಂಗೇ ಮಾಡೋದು ಪಪ್ಪಾ" ಎಂದು ನನಗೇ ಸಮಾಧಾನ ಹೇಳಿದಳು. "ಒಳ್ಳೇ ಮೇಷ್ಟ್ರು ಮಾರಾಯ್ರೆ ನೀವು!" ಎಂದು ಸುಮಾ ನಕ್ಕಳು. ಬೈಯೋಣವೆಂದರೆ ನನಗೆ ಬಾಯಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಇಂಗ್ಲಿಷ್ ಪಾಸಾಗಿದ್ದೂ ಹೀಗೆಯೇ.

ಸರಿ, ಮತ್ತೆ ದುಭಾಷಿಯಾಗಿ ಕೂತು ಅರ್ಥ ಹೇಳಿದೆ. ಮುಂದಿನ ತಿಂಗಳು ಅಮ್ಮನ ಕಣ್ಣಿನ ಪೊರೆ ತೆಗೆಯುತ್ತಾರಂತೆ. ಸಣ್ಣ ಆಪರೇಷನ್, ಗಾಬರಿಯಾಗುವುದು ಬೇಡ. ಅಣ್ಣ ಇದ್ದಾನೆ, ಯಾರೂ ಬರುವುದು ಬೇಡ. ಅನ್ವಿಯ ಶಾಲೆ ತಪ್ಪಿಸುವುದು ಬೇಡ. ನಾನು ರಜೆ ಕೇಳುವುದೂ ಬೇಡ. "ನೋಡು, ನಾವು ಹೋಗೋದು ಬೇಡವಂತೆ" ಎಂದು ಮುಗಿಸಿದೆ. ನಿಜ ಹೇಳುತ್ತೇನೆ, ಮನಸ್ಸಿಗೆ ಹಾಯೆನಿಸಿತು.

ಅನ್ವಿ ನನ್ನನ್ನೇ ದಿಟ್ಟಿಸಿದಳು. "ಫೋರ್ ಟೈಮ್ಸ್ ಬೇಡ ಅಂತ ಬರ್ದಿದಾರೆ ಪಪ್ಪಾ. ಅಜ್ಜಿಗೆ ನಾವು ಬರ್ಬೇಕು ಅಂತ ಇದೆ."

ಸುಮಾ ಅಡುಗೆಮನೆಯಿಂದ ಹೊರಗೆ ಬಂದಳು. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಆ ನಾಲ್ಕು 'ಬೇಡ'ಗಳನ್ನು ಎಣಿಸಿದಳು.

ಭಾನುವಾರ ರಜೆಗೆ ಬರೆದುಕೊಟ್ಟೆ, ಸಿಕ್ಕಿತು. ಬರುತ್ತಿದ್ದೇವೆಂದು ಫೋನ್ ಮಾಡಿದರೆ ಅಮ್ಮ, "ಬ್ಯಾಡ ಅಂತ ಬರ್ದಿದ್ನಲ್ಲಪ್ಪಾ, ಅಷ್ಟೂ ತಿಳಿಯಲ್ವಾ ನಿಂಗೆ?" ಎಂದು ಗದರಿದಳು. ಆಮೇಲೆ ಮೂಗು ಸುರ್ರೆಂದು ಎಳೆದುಕೊಂಡ ಸದ್ದು. ಬೈದಳೋ, ಅತ್ತಳೋ ನನಗೆ ತಿಳಿಯಲಿಲ್ಲ. ಫೋನನ್ನು ಮಗಳ ಕೈಗೆ ಕೊಟ್ಟು, ಅರ್ಥ ಹೇಳಲಿ ಎಂದು ಕಾಯುತ್ತ ಕೂತೆ.